ಉಳಿಸಿದ್ದು ಯಾರ ತಟ್ಟೆಯಿಂದ ಸ್ವಾಮೀ?

"ದಿನಸಿ ಖರ್ಚನ್ನು ಶೇಕಡಾ 22ರಷ್ಟು ಇಳಿಸಿದ್ದು ಹೇಗೆ?" - ಇದು 2025ರ ಫೆಬ್ರವರಿಯಲ್ಲಿ ಈ ಬ್ಲಾಗಿನಲ್ಲಿ ಬರಬೇಕಿದ್ದ ಬರಹದ ಹೆಸರು. ಮುಕ್ಕಾಲು ಪಾಲು ಬರೆದೂ ಆಗಿತ್ತು. ಎಕ್ಸೆಲ್‌ನಲ್ಲಿ ಮಾಡಿದ ಒಂದು ಗ್ರಾಫು, ಕೆಳಗೆ ಹತ್ತು ಸೂತ್ರಗಳ ಪಟ್ಟಿ, ಕೊನೆಗೆ "ಪ್ರಯತ್ನಿಸಿ ನೋಡಿ" ಅನ್ನೋ ಉಪದೇಶ. ಅದು ಇವತ್ತಿಗೂ ಡ್ರಾಫ್ಟಿನಲ್ಲೇ ಕೂತಿದೆ. ಅದನ್ನು ಯಾಕೆ ಹಾಕಲಿಲ್ಲ, ಅಂಥದ್ದನ್ನು ಬರೆಯುವವರನ್ನು ಕಂಡರೆ ನನಗೀಗ ಯಾಕೆ ಮೈ ಉರಿಯುತ್ತೆ (ಆ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು) ಅನ್ನುವುದನ್ನು ಹೇಳಬೇಕು. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ. ಕಾಫಿಪುಡಿ ಬೆಲೆ ನೆನಪಾದರೆ ಅರ್ಧ ಲೋಟವೇ ಸಾಕು :)

ನಮ್ಮ ಮನೆಯಲ್ಲಿ ಮೂರು ಜನ. ನಾನು, ನನ್ನ ಹೆಂಡತಿ, ಅಮ್ಮ. ಅಪ್ಪ ಹೋದ ಮೇಲೆ ಅಮ್ಮ ತಿಪಟೂರಿನ ಪಕ್ಕದ ಹಳ್ಳಿಯಿಂದ ಬೆಂಗಳೂರಿಗೆ ಬಂದಳು. ನಾವಿಬ್ಬರೂ ಕಂಪ್ಯೂಟರ್ ಕುಟ್ಟೋರು, ಆದ್ದರಿಂದ ಅಡುಗೆಮನೆ ಅಮ್ಮನ ಸುಪರ್ದಿಗೆ. 2021ರಲ್ಲಿ ತಿಂಗಳಿಗೆ ದಿನಸಿ, ಹಾಲು, ತರಕಾರಿ ಎಲ್ಲ ಸೇರಿ ಸುಮಾರು 7,900 ರೂಪಾಯಿ ಆಗ್ತಿತ್ತು. 2024ರ ಅಕ್ಟೋಬರಿನಲ್ಲಿ ಅದು 12,600 ಮುಟ್ಟಿತು. ನಾನು ಇಂಜಿನಿಯರ್ ಅಲ್ವೇ? ಸಮಸ್ಯೆ ಕಂಡರೆ ಕೈ ಕಟ್ಟಿ ಕೂರೋಕಾಗುತ್ತಾ? ಒಂದು ಶೀಟ್ ಮಾಡಿದೆ. ಪಿವೋಟ್ ಟೇಬಲ್ ಹಾಕಿದೆ. ಹತ್ತು ಸಾವಿರಕ್ಕೆ ಒಂದು ಕೆಂಪು ಗೆರೆ ಎಳೆದೆ. ಅದನ್ನು ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿ, "ನೋಡಮ್ಮ, ಇದರೊಳಗೆ ಮುಗಿಸೋಕಾಗುತ್ತಾ?" ಅಂದೆ. ಅಮ್ಮ ಕನ್ನಡಕ ಹಾಕ್ಕೊಂಡು ಗೆರೆಯನ್ನೇ ಒಂದು ನಿಮಿಷ ನೋಡಿ, "ನೋಡಾಣ ಬಿಡೋ" ಅಂದಳು. ಹೆಂಡತಿಗೆ ವಾಟ್ಸಾಪಿನಲ್ಲಿ "ಬೆಲೆ ಏರಿಕೆ ನಿಭಾಯಿಸಲು 10 ಸುಲಭ ಉಪಾಯಗಳು" ಅಂತ ಒಂದು ಲಿಂಕ್ ಕಳಿಸಿದೆ. ಅವಳು ಹೆಬ್ಬೆರಳು ಕೂಡ ಒತ್ತಲಿಲ್ಲ. ಆಗಲೇ ನನಗೆ ಅರ್ಥ ಆಗಬೇಕಿತ್ತು.

ನವೆಂಬರ್, ಡಿಸೆಂಬರ್, ಜನವರಿ. ಮೂರು ತಿಂಗಳ ಸರಾಸರಿ 9,850. ನನ್ನ ಖುಷಿ ಕೇಳಬೇಕೆ? ಆಫೀಸಿನ ಕ್ಯಾಂಟೀನಿನಲ್ಲಿ ಭಾಷಣ ಬಿಗಿದೆ. ಬ್ಲಾಗಿಗೆ ಬರೆಯೋಕೆ ಕೂತೆ.

ಫೆಬ್ರವರಿಯಲ್ಲಿ ಅಮ್ಮನಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಯ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.9. ಡಾಕ್ಟರು ಚೀಟಿ ಬರೆಯುತ್ತಾ, "ಏನು ಊಟ ಮಾಡ್ತೀರಮ್ಮ? ಕಾಳು, ಸೊಪ್ಪು, ಹಣ್ಣು ತಗೋತೀರಾ?" ಅಂತ ಕೇಳಿದರು. ಅಮ್ಮ, "ವಯಸ್ಸಾಯ್ತಲ್ಲ ಡಾಕ್ಟ್ರೇ, ಹಸಿವೇ ಆಗಲ್ಲ" ಅಂದಳು. ವಾಪಸ್ ಬಂದು ಅಮ್ಮ ಮಲಗಿದ ಮೇಲೆ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: "ಹಸಿವಾಗಲ್ಲ ಅಂತಲ್ಲ ರೀ. ನೀವು ಎಳೆದಿರೋ ಗೆರೆ ದಾಟಬಾರದು ಅಂತ. ನಾನು ಎರಡು ಸಲ ಹೇಳಿದೆ ನಿಮಗೆ, ಶೀಟ್ ನೋಡ್ತಾ ಇದ್ರಿ."

ಆ ರಾತ್ರಿ ಅಮ್ಮನ ಲೆಕ್ಕದ ಡೈರಿ ತೆಗೆದೆ. ಹೌದು, ನನ್ನ ಎಕ್ಸೆಲ್‌ಗಿಂತ ಮೂವತ್ತು ವರ್ಷ ಹಿರಿಯದಾದ ಪದ್ಧತಿ ಅದು. ಪ್ರತಿ ವರ್ಷ ಯಾರಾದರೂ ಪುಕ್ಕಟೆ ಕೊಟ್ಟ ಡೈರಿಯಲ್ಲಿ ಅಮ್ಮ ಪೈಸೆ ಪೈಸೆ ಬರೆದಿಡುತ್ತಾಳೆ. ನನ್ನ ಶೀಟಿನಲ್ಲಿ "ಉಳಿತಾಯ 2,750" ಅಂತ ಹಸಿರು ಬಣ್ಣದಲ್ಲಿ ಹೊಳೆಯುತ್ತಿದ್ದುದು ಆ ಡೈರಿಯಲ್ಲಿ ಹೀಗೆ ಬಿಡಿಬಿಡಿಯಾಗಿ ಇತ್ತು. ದಿನಕ್ಕೊಂದು ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಬಂದ್. ಆಗ ಪ್ಯಾಕೆಟ್ಟಿಗೆ 24 ರೂಪಾಯಿ, ತಿಂಗಳಿಗೆ 720. ಹಣ್ಣು ಪೂರ್ತಿ ಬಂದ್, 800. ತುಪ್ಪ, ಕಡ್ಲೆಬೀಜ ಅರ್ಧಕ್ಕಿಳಿದು 350. ತಿಂಗಳಿಗೆ ಇಪ್ಪತ್ತು ತೆಂಗಿನಕಾಯಿ ಇದ್ದದ್ದು ಹನ್ನೆರಡು, ಅಲ್ಲಿ 280. ತೊಗರಿಬೇಳೆ ಮೂರು ಕೆಜಿ ಇದ್ದದ್ದು ಎರಡು, ಅಲ್ಲಿ 170. ಕೂಡಿದರೆ 2,320. ಉಳಿದ 430 ರೂಪಾಯಿ ಮಾತ್ರ ಚಿಪ್ಸು, ಬಿಸ್ಕತ್ತು, ಬಾಟಲಿ ಜ್ಯೂಸು ನಿಲ್ಲಿಸಿದ್ದರಿಂದ ಬಂದದ್ದು. ಅಂದರೆ ನಾನು ಮೆರೆದಾಡಿದ 22 ಪರ್ಸೆಂಟಿನಲ್ಲಿ ನಿಜವಾಗಿ ಪೋಲು ತಡೆದದ್ದು ಮೂರೂವರೆ ಪರ್ಸೆಂಟ್. ಉಳಿದದ್ದೆಲ್ಲ ಊಟ.

ಇನ್ನೂ ನಾಚಿಕೆಯ ಸಂಗತಿ ಹೇಳ್ತೀನಿ. ಆ ಮೂರು ತಿಂಗಳು ನನ್ನ ತಟ್ಟೆಯಲ್ಲಿ ಏನೂ ಬದಲಾಗಿರಲಿಲ್ಲ! ನನ್ನ ಕಾಫಿಗೆ ಹಾಲು ಇತ್ತು. ನನ್ನ ಚಟ್ನಿಯಲ್ಲಿ ಕಾಯಿ ಇತ್ತು. ಹಣ್ಣು ನಿಂತದ್ದು ನನಗೆ ಗೊತ್ತೇ ಆಗಿರಲಿಲ್ಲ, ಆಫೀಸಿನಲ್ಲಿ ಮಧ್ಯಾಹ್ನ ಬಟ್ಟಲು ತುಂಬ ಪಪ್ಪಾಯಿ ಪುಕ್ಕಟೆ ಸಿಗುತ್ತದಲ್ಲ. ಅಮ್ಮ ಮಜ್ಜಿಗೆಗೆ ನೀರು ಬೆರೆಸಿಕೊಂಡು, ಬೆಳಗಿನ ತಂಗಳಿಗೆ ಉಪ್ಪಿನಕಾಯಿ ಹಾಕಿಕೊಂಡು ಊಟ ಮುಗಿಸುತ್ತಿದ್ದಳು. ಕೇಳಿದರೆ, "ನೀವು ದುಡಿಯೋ ಮಕ್ಕಳು, ನಂಗ್ಯಾಕೋ ಅಷ್ಟೆಲ್ಲ" ಅಂದಳು.

ನನ್ನ ಮೂರು ತಿಂಗಳ ಬಜೆಟ್ಟಿನಿಂದಲೇ ರಕ್ತ ಕಮ್ಮಿಯಾಯ್ತು ಅಂತ ನಾನು ಹೇಳ್ತಾ ಇಲ್ಲ. ಡಾಕ್ಟರ ಪ್ರಕಾರ ಅದು ಹಳೆಯ ಕೊರತೆ. ಅದನ್ನು ಕೇಳಿ ನನಗೆ ಸಮಾಧಾನ ಆಗಲಿಲ್ಲ, ಇನ್ನೂ ಕೆಟ್ಟದೆನಿಸಿತು. ಅಂದರೆ ಈ "ಅಡ್ಜಸ್ಟ್" ಅನ್ನೋದು ನಾನು ಹುಟ್ಟುವ ಮೊದಲಿನಿಂದ ನಡೆದು ಬಂದದ್ದು. ನನ್ನ ಫೀಸು ಕಟ್ಟಿದ ವರ್ಷ, ಅಕ್ಕನ ಮದುವೆ ವರ್ಷ, ಮಳೆ ಬರದ ವರ್ಷ - ಪ್ರತಿ ಸಲ ಮನೆಯ ಲೆಕ್ಕ ಸರಿಹೋದದ್ದು ಒಂದೇ ತಟ್ಟೆಯಿಂದ. ನಾನು ಮಾಡಿದ್ದು ಅದಕ್ಕೊಂದು ಗ್ರಾಫ್ ಹಾಕಿದ್ದು, ಅಷ್ಟೆ. ನಮ್ಮ ಮನೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇಕಡಾ 48 ಜನರಿಗೆ ರಕ್ತಹೀನತೆ ಕಂಡುಬಂತು. ಗಂಡಸರಲ್ಲಿ? ಸುಮಾರು 20. ರಕ್ತಹೀನತೆಗೆ ಬೇರೆ ಕಾರಣಗಳೂ ಇವೆ, ಒಪ್ಪಿದೆ. ಆದರೆ ಒಂದೇ ಒಲೆ, ಒಂದೇ ಪಾತ್ರೆಯ ಸಾರು. ಕೊನೆಗೆ ಊಟಕ್ಕೆ ಕೂತವರಿಗೆ ಬರೀ ತಿಳಿ ಉಳಿಯುತ್ತದೆ ಅನ್ನುವುದೂ ಒಂದು ಕಾರಣ ಅಲ್ಲವೇ?

ಈಗ ಆ "10 ಸುಲಭ ಉಪಾಯ"ಗಳ ವಿಷಯಕ್ಕೆ ಬರ್ತೀನಿ. ಟೊಮೆಟೊ ನೂರು ದಾಟಿದ ಕೂಡಲೇ ಇವು ಮಳೆಗಾಲದ ಅಣಬೆ ಥರ ಏಳುತ್ತವೆ.

"ಪಟ್ಟಿ ಮಾಡಿಕೊಂಡು ಅಂಗಡಿಗೆ ಹೋಗಿ." ಸ್ವಾಮೀ, ಪಟ್ಟಿ ಇಲ್ಲದೆ ಅಂಗಡಿಗೆ ಹೋಗುವವರು ನಾನು, ನೀವು. ಅಮ್ಮಂದಿರಲ್ಲ.

"ಸೀಸನ್ ತರಕಾರಿ ತಿನ್ನಿ, ದುಬಾರಿ ಬೇಳೆಯ ಬದಲು ಅಗ್ಗದ ಕಾಳು ಬಳಸಿ." ಹುರುಳಿ ಕಟ್ಟಿನ ಸಾರು, ಅವರೆಕಾಯಿ ಕಾಲದಲ್ಲಿ ದಿನಾ ಅವರೆಕಾಳು, ಬಸ್ಸಾರು, ಉಪ್ಸಾರು - ಇವೆಲ್ಲ ಏನು ಮತ್ತೆ? ನಮ್ಮ ಅಡುಗೆಯ ಅರ್ಧ ಭಾಗವೇ ಬೆಲೆ ಏರಿಕೆಗೆ ಕಂಡುಕೊಂಡ ಉತ್ತರ. ಅದನ್ನು ಕಂಡುಹಿಡಿದವರಿಗೇ ಹೋಗಿ ಪಾಠ ಹೇಳೋದು ಅಂದ್ರೆ ಅಜ್ಜಿಗೆ ಮೊಮ್ಮಗ ಕೆಮ್ಮು ಕಲಿಸಿದ ಹಾಗೆ.

"ಸಗಟಾಗಿ ಕೊಂಡರೆ ಅಗ್ಗ." ಖಂಡಿತ ಅಗ್ಗ. ಆದರೆ ಅದಕ್ಕೆ ಒಂದನೇ ತಾರೀಖು ಕೈಯಲ್ಲಿ ದುಡ್ಡಿರಬೇಕು, ಇಡೋಕೆ ಜಾಗ ಇರಬೇಕು. ನಮ್ಮನೆ ಕೆಲಸಕ್ಕೆ ಬರುವ ಅಕ್ಕ ಕಾಲು ಕೆಜಿ ಬೇಳೆ, ಹತ್ತು ರೂಪಾಯಿಯ ಎಣ್ಣೆ ಸ್ಯಾಶೆ ಕೊಳ್ಳುತ್ತಾಳೆ. ಕೆಜಿ ಲೆಕ್ಕದಲ್ಲಿ ನೋಡಿದರೆ ಆಕೆ ನನಗಿಂತ ಜಾಸ್ತಿ ಕೊಡುತ್ತಾಳೆ. ಉಪಾಯ ಇರೋದು ಯಾರಿಗೆ ಅದರ ಅಗತ್ಯ ಕಡಿಮೆಯೋ ಅವರಿಗೆ!

"ಎಲ್ಲವನ್ನೂ ಮನೆಯಲ್ಲೇ ಮಾಡಿ." ಈ ವಾಕ್ಯದಲ್ಲಿ ಕರ್ತೃ ಯಾರು ಅಂತ ಯಾರೂ ಬರೆಯುವುದಿಲ್ಲ, ಗಮನಿಸಿ. ಖಾರದಪುಡಿ, ಹಿಟ್ಟು, ಹಪ್ಪಳ ಮನೆಯಲ್ಲೇ ಮಾಡೋದು ಯಾರು? 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಆ 289ಕ್ಕೆ ಇನ್ನೊಂದಿಷ್ಟು ಸೇರಿಸಿ ಐವತ್ತು ರೂಪಾಯಿ ಉಳಿಸಿದರೆ ಅದು ಉಳಿತಾಯವೋ ಬಿಟ್ಟಿ ಚಾಕರಿಯೋ?

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಇದು ಒಂದು ಮಾಡ್ಯೂಲಿನ ಬಗ್ಗನ್ನು ಇನ್ನೊಂದು ಮಾಡ್ಯೂಲಿಗೆ ತಳ್ಳಿ, "ಫಿಕ್ಸ್ಡ್" ಅಂತ ಟಿಕೆಟ್ ಮುಚ್ಚಿದ ಹಾಗೆ. ಪೋಲು ನಿಲ್ಲಿಸಿದ್ದನ್ನು ಬಿಟ್ಟರೆ, ಊಟದ ಖರ್ಚಿನಲ್ಲಿ ಉಳಿತಾಯ ಅನ್ನೋದು ಗಾಳಿಯಲ್ಲಿ ಹುಟ್ಟೋದಿಲ್ಲ. ಯಾರದೋ ತಟ್ಟೆಯಿಂದ, ಯಾರದೋ ಸಮಯದಿಂದ, ಯಾರದೋ ಕೂಲಿಯಿಂದ ಬರುತ್ತದೆ. ಯಾರದ್ದು ಅಂತ ಕೇಳದ ಸಲಹೆ ಮೋಸದ ಸಲಹೆ. ನನ್ನ ತಕರಾರು ಇಷ್ಟೇ.

"ಅಲ್ಲಪ್ಪಾ, ನೀನು ಸಾಫ್ಟ್‌ವೇರ್ ಆಸಾಮಿ, ನಿಂಗೆ ಎರಡೂವರೆ ಸಾವಿರ ಉಳಿಸೋ ದರ್ದು ಏನು?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಾನೂ ಕೇಳಿಕೊಂಡೆ. ಅದೇ ನವೆಂಬರಿನಲ್ಲಿ 2,400 ಕೊಟ್ಟು ಇಯರ್‌ಫೋನ್ ತಗೊಂಡಿದ್ದೆ. ಮನೆ ಬಾಡಿಗೆ ಕರಾರಿನ ಪ್ರಕಾರ ವರ್ಷಕ್ಕೆ ಶೇಕಡಾ 5 ಏರಿತ್ತು, ಮರುಮಾತಿಲ್ಲದೆ ಕೊಟ್ಟಿದ್ದೆ. ಕಾರಿನ ಇಎಂಐ ಇತ್ತು, ಮೂರು ಓಟಿಟಿ ಇತ್ತು. ಹಾಗಾದರೆ ನನ್ನ ಕತ್ತರಿ ಅಡುಗೆಮನೆಗೇ ಯಾಕೆ ಹೋಯ್ತು? ಉತ್ತರ ಸರಳ. ಇಎಂಐ ತಪ್ಪಿದರೆ ಬ್ಯಾಂಕಿನವರು ಫೋನ್ ಮಾಡ್ತಾರೆ. ಬಾಡಿಗೆ ತಪ್ಪಿದರೆ ಓನರ್ ಬಾಗಿಲು ತಟ್ಟುತ್ತಾರೆ. ಅಮ್ಮನ ಹಾಲು ತಪ್ಪಿದರೆ ಯಾರೂ ಫೋನ್ ಮಾಡೋದಿಲ್ಲ. ಇಡೀ ಬಜೆಟ್ಟಿನಲ್ಲಿ ಜಗಳ ಆಡದೆ ಕಡಿಮೆ ಮಾಡಬಹುದಾದ ಸಾಲು ಊಟದ್ದು ಒಂದೇ. ಅದಕ್ಕೇ ಎಲ್ಲರೂ ಅಲ್ಲಿಗೇ ಕೈ ಹಾಕೋದು.

ಇನ್ನು, "ಹಣದುಬ್ಬರ ಇಳಿದಿದೆಯಲ್ಲ, ಇನ್ನೂ ಯಾಕೆ ಅಳು?" ಅನ್ನುವವರು. ಟಿವಿ ಚರ್ಚೆಯಲ್ಲಿ ಕೂರುವವರ ಮಾತು ಇದು. ಸರ್ಕಾರದ ಲೆಕ್ಕವನ್ನೇ ತಗೊಳ್ಳೋಣ. ನಾನು ಶೀಟ್ ಮಾಡಿದ 2024ರ ಅಕ್ಟೋಬರಿನಲ್ಲಿ ಆಹಾರದ ಹಣದುಬ್ಬರ ಶೇಕಡಾ 10.87, ತರಕಾರಿಯದ್ದಂತೂ 42 ದಾಟಿತ್ತು. ಸರಿಯಾಗಿ ಒಂದು ವರ್ಷಕ್ಕೆ, 2025ರ ಅಕ್ಟೋಬರಿನಲ್ಲಿ, ಆಹಾರದ ಹಣದುಬ್ಬರ ಸೊನ್ನೆಗಿಂತ ಕೆಳಗೆ, ಮೈನಸ್ 5.02. ಪಟಾಕಿ ಹೊಡೆಯೋಣವಾ?

ತಡೀರಿ. ಹಣದುಬ್ಬರ ಅನ್ನೋದು ವೇಗ, ದೂರ ಅಲ್ಲ. ಪಿಯುಸಿ ಫಿಸಿಕ್ಸ್ ಇದು. 2023ರ ಅಕ್ಟೋಬರಿನಲ್ಲಿ ನೂರು ರೂಪಾಯಿಯ ಬುಟ್ಟಿ 2024ಕ್ಕೆ 110.87 ಆಯ್ತು. ಅದರಲ್ಲಿ ಶೇಕಡಾ 5.02 ಕಳೆದರೆ 2025ಕ್ಕೆ ಸುಮಾರು 105.30. ಮೈನಸ್ ಬಂದ ಮೇಲೂ ನಾವು ನಿಂತಿರೋದು ಎರಡು ವರ್ಷದ ಹಿಂದಿಗಿಂತ ಮೇಲೆಯೇ. ಇಳಿದದ್ದು ಮುಖ್ಯವಾಗಿ ತರಕಾರಿ, ಬೇಳೆ. ಎಣ್ಣೆ ಇಳಿಯಲಿಲ್ಲ, ನಮ್ಮ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ, 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಯ ಒಟ್ಟು ಆಮದು ಸುಂಕವನ್ನು 5.5ರಿಂದ 27.5ಕ್ಕೆ ಏರಿಸಲಾಯಿತು. 2025ರ ಮೇ ಕೊನೆಯಲ್ಲಿ ಸ್ವಲ್ಪ ಇಳಿಸಿದರು. ಇನ್ನು ತೆಂಗಿನಕಾಯಿ 2025ರಲ್ಲಿ ಹೋದ ಎತ್ತರಕ್ಕೆ ಮರವೇ ಸಾಕಾಗಲಿಲ್ಲ. ಕಾಯಿ ಇಲ್ಲದ ಅಡುಗೆಮನೆ ನಮ್ಮ ಕಡೆ ಇರುತ್ತಾ?

ಸರಾಸರಿಯ ಇನ್ನೊಂದು ಮೋಸ ನೋಡಿ. 2022-23ರ ಮನೆಖರ್ಚಿನ ಸಮೀಕ್ಷೆಯಲ್ಲಿ ನಗರದವರು ಒಟ್ಟು ಖರ್ಚಿನಲ್ಲಿ ಸುಮಾರು ಶೇಕಡಾ 39ನ್ನು, ಹಳ್ಳಿಯವರು 46ನ್ನು ಆಹಾರಕ್ಕೆ ಹಾಕುತ್ತಿದ್ದರು. ನನ್ನ ಮನೆಯಲ್ಲಿ ಅದು ಶೇಕಡಾ 15 ಕೂಡ ಇಲ್ಲ. ಬೆಲೆ ಹತ್ತು ಪರ್ಸೆಂಟ್ ಏರಿದರೆ ನನಗೆ ಒಂದೂವರೆ ಪರ್ಸೆಂಟ್ ತುರಿಕೆ. ಬಹುಪಾಲು ಸಂಪಾದನೆ ಹೊಟ್ಟೆಗೇ ಹಾಕುವವರಿಗೆ ಅದೇ ಹತ್ತು ಪರ್ಸೆಂಟ್ ಅಂದರೆ ವಾರದಲ್ಲಿ ಕೆಲವು ಹೊತ್ತಿನ ಬೇಳೆ ಇಲ್ಲ ಅಂತ. ಅಂದ ಹಾಗೆ, ಕೆಲಸದ ಅಕ್ಕ ಅದೇ ಡಿಸೆಂಬರಿನಲ್ಲಿ, "ಅಣ್ಣಾ, ಮುನ್ನೂರು ರೂಪಾಯಿ ಜಾಸ್ತಿ ಮಾಡಿ, ಎಲ್ಲ ರೇಟೂ ಏರೋಗೈತೆ" ಅಂತ ಕೇಳಿದ್ದಳು. ನಾನು ಏನಂದೆ ಗೊತ್ತಾ? "ನಮಗೂ ಏರಿದೆ ಅಕ್ಕ, ಏಪ್ರಿಲ್ ಆಗಲಿ ನೋಡೋಣ." ಅದನ್ನೂ ಶೀಟಿನಲ್ಲಿ ಉಳಿತಾಯ ಅಂತ ಬರೆದಿದ್ದೆನೋ ಏನೋ, ಹುಡುಕುವ ಧೈರ್ಯ ಆಗಲಿಲ್ಲ.

ಹಾಗಾದರೆ ಬೆಲೆಗಳೇ ಇಳಿಯಬೇಕು, ಸರ್ಕಾರ ಇಳಿಸಬೇಕು ಅಂತ ಕೂಗೋಣವಾ? ಇಲ್ಲಿ ನಮ್ಮಂಥ ಪೇಟೆಯವರ ಇನ್ನೊಂದು ಆಷಾಢಭೂತಿತನ ಇದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದಕ್ಕೂ ಮುಂಚೆ, 2024ರ ಜೂನಿನಲ್ಲಿ, ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚು ಹಾಕಿ 2 ರೂಪಾಯಿ ಏರಿಸಿದ್ದರು. ಈ ಸಲ ಆ 50 ಮಿಲಿಯೂ ವಾಪಸ್ ಹೋಯ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಬೆಂಕಿ. ಅದೇ ಗುಂಪಿನಲ್ಲಿ ಇನ್ನೂರೈವತ್ತು ರೂಪಾಯಿಯ ಕಾಫಿಯ ಫೋಟೋ ಬಂದರೆ ಹೃದಯದ ಚಿಹ್ನೆಗಳ ಸುರಿಮಳೆ! ಏರಿಸಿದ ನಾಲ್ಕು ರೂಪಾಯಿ ಹಾಲು ಹಾಕುವ ರೈತರಿಗೆ ಹೋಗುತ್ತದೆ ಅಂತಲೇ ಸರ್ಕಾರ ಹೇಳಿತ್ತು. ಪೂರ್ತಿ ತಲುಪುತ್ತಿದೆಯೇ ಅಂತ ಕೇಳಿ, ಜೋರಾಗಿಯೇ ಕೇಳಿ, ಅದು ನ್ಯಾಯ. ಆದರೆ ಹಿಂಡಿ-ಬೂಸದ ಬೆಲೆ ಏರಿದರೂ ಹಾಲು ಮಾತ್ರ ಹಳೇ ಬೆಲೆಗೆ ಬರಲಿ ಅನ್ನೋದು, ಅಮ್ಮನಿಗೆ ಕೆಂಪು ಗೆರೆ ತೋರಿಸಿದ ನನ್ನ ಹಾಗೆಯೇ ಆಯ್ತಲ್ಲ? ತಟ್ಟೆ ಮಾತ್ರ ಬೇರೆಯವರದ್ದು.

ಟೊಮೆಟೊ ಕತೆ ನೆನಪಿರಬೇಕು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿದಾಗ ಜೋಕುಗಳೇನು, ಕಾರ್ಟೂನುಗಳೇನು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಪಾತಾಳಕ್ಕೆ ಬಿದ್ದಾಗ ಒಂದು ಜೋಕೂ ಬರಲಿಲ್ಲ. 2024ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ಅಧ್ಯಯನವೊಂದರ ಪ್ರಕಾರ ಟೊಮೆಟೊಗೆ ನಾವು ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವರಿಗೆ ಸೇರುವುದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದ ಮೂರನೇ ಎರಡು ಪಾಲಿನಷ್ಟು ದಾರಿಯಲ್ಲಿ - ಸಾಗಣೆ, ಕಮಿಷನ್ನು, ಕೊಳೆತದ್ದು, ಅಂಗಡಿಯವರ ಲಾಭ.

ತೊಗರಿಯದ್ದೂ ಇದೇ ಪಾಡು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಹೆಮ್ಮೆ. 2022ರಲ್ಲಿ ನೆಟೆ ರೋಗ ಬಂದು ಗಿಡ ಗಿಡವೇ ಒಣಗಿತು. 2023ರಲ್ಲಿ ಬೇಳೆ ಬೆಲೆ ಗಗನಕ್ಕೆ. ಅಂದರೆ ಬೆಲೆ ಏರಿದಾಗ ಎಷ್ಟೋ ರೈತರ ಕೈಯಲ್ಲಿ ಮಾರೋಕೆ ಬೆಳೆಯೇ ಇರಲಿಲ್ಲ. 2025ರ ಶುರುವಿನಲ್ಲಿ ಬೆಳೆ ಬಂತು, ಬೆಲೆ ಬಿತ್ತು, ಸುಂಕವಿಲ್ಲದೆ ಹೊರಗಿನ ತೊಗರಿಯೂ ಬರುತ್ತಿತ್ತು. ಕೊನೆಗೆ ಕ್ವಿಂಟಾಲಿಗೆ 7,550ರ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 450 ಸೇರಿಸಿ 8,000 ಮಾಡಬೇಕಾಯ್ತು.

ನಮ್ಮೂರಿನ ಕೊಬ್ಬರಿಯದ್ದನ್ನು ನಾನು ಕಣ್ಣಾರೆ ಕಂಡಿದ್ದೀನಿ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹರಾಜು ನಡೆಯುತ್ತಿತ್ತು. ದೊಡ್ಡಪ್ಪ ಅಟ್ಟದ ಮೇಲೆ ಕಾಯಿ ಇಟ್ಟುಕೊಂಡು ಕಾದು ಕಾದು, ಸಾಲದವರು ಬಂದಾಗ ಸಿಕ್ಕಿದ ರೇಟಿಗೆ ಮಾರಿದರು. 2025ರಲ್ಲಿ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು, ಆಗ ಮರದಲ್ಲಿ ಕಾಯಿ ಇರಲಿಲ್ಲ. ಬರ, ಬಿಸಿಲು, ಬಿಳಿನೊಣ. ಅದೇ ಸಮಯಕ್ಕೆ ಅವರ ನಾದಿನಿ, ಅಂದರೆ ನಮ್ಮಮ್ಮ, ಬೆಂಗಳೂರಿನಲ್ಲಿ ಕಾಯಿ ಕೊಳ್ಳೋಕೆ ಹಿಂದೆ ಮುಂದೆ ನೋಡುತ್ತಿದ್ದಳು. ಬೆಳೆಯೋ ಮನೆಯೂ ನಮ್ಮದೇ, ಕೊಳ್ಳೋ ಮನೆಯೂ ನಮ್ಮದೇ. ಎರಡು ಕಡೆಯೂ ತಟ್ಟೆ ಖಾಲಿ! ಹೀಗಿರುವಾಗ ಪೇಟೆಯವರಿಗೂ ರೈತರಿಗೂ ಜಗಳ ಹಚ್ಚಿ ಮಜಾ ನೋಡುವವರನ್ನು ನಂಬಬೇಡಿ.

ಕೇಳಬೇಕಾದದ್ದು ಬೇರೆ. ಬೆಳೆ ಬಂದ ವಾರದಲ್ಲೇ ಖರೀದಿ ಕೇಂದ್ರ ತೆರೆಯಿರಿ ಅಂತ ಕೇಳಬೇಕು. ಟೊಮೆಟೊ, ಈರುಳ್ಳಿ ಬೆಳೆಯುವ ತಾಲ್ಲೂಕಿನಲ್ಲೇ ಶೀತಲ ಗೋದಾಮು, ಸಂಸ್ಕರಣಾ ಘಟಕ ಕಟ್ಟಿ ಅಂತ ಕೇಳಬೇಕು. ರೇಷನ್ನಿನಲ್ಲಿ ಅಕ್ಕಿ ಮಾತ್ರ ಕೊಟ್ಟರೆ ಹೊಟ್ಟೆ ತುಂಬುತ್ತೆ, ರಕ್ತ ತುಂಬಲ್ಲ. ಬೇಳೆ, ಎಣ್ಣೆಯೂ ಬರಲಿ ಅಂತ ಕೇಳಬೇಕು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಒಪ್ಪಿದಾಗ ನನಗೆ ಖುಷಿಯಾಯ್ತು. ಯಾವ ಪಕ್ಷವಾದರೂ ಸರಿ, ತಟ್ಟೆಯಲ್ಲಿ ಏನಿದೆ ಅಂತ ಬಗ್ಗಿ ನೋಡಿದ್ದು ಒಳ್ಳೆಯದೇ. ಅದೇ ತೊಗರಿಯನ್ನು ಕಲಬುರಗಿ ರೈತರಿಂದ ನ್ಯಾಯದ ಬೆಲೆಗೆ ಕೊಂಡರೆ ಇನ್ನೂ ಒಳ್ಳೆಯದು.

ಹಾಗಂತ ಲೆಕ್ಕ ಇಡಬೇಡಿ, ಬೇಕಾಬಿಟ್ಟಿ ಖರ್ಚು ಮಾಡಿ ಅಂತ ನಾನು ಹೇಳ್ತಿಲ್ಲ ಮಾರಾಯ್ರೆ. ಆ 430 ರೂಪಾಯಿ ನಿಜವಾದ ಉಳಿತಾಯ, ಅದನ್ನು ಹಾಗೇ ಇಟ್ಟುಕೊಂಡಿದ್ದೀವಿ. ಫ್ರಿಜ್ಜಿನ ಮೂಲೆಯಲ್ಲಿ ಕೊಳೆಯುತ್ತಿದ್ದ ಸೊಪ್ಪು ನಿಂತಿದೆ. ಹತ್ತು ನಿಮಿಷದ ಡೆಲಿವರಿ ಆಪಿನಲ್ಲಿ ಎರಡು ನಿಂಬೆಹಣ್ಣಿಗೆ ಮೂವತ್ತು ರೂಪಾಯಿ ಶುಲ್ಕ ಕೊಟ್ಟು, ತಳ್ಳುಗಾಡಿಯವನ ಹತ್ತಿರ ಪುಕ್ಕಟೆ ಕರಿಬೇವಿಗೆ ಜಗಳ ಆಡುವ ನನ್ನ ಚಾಳಿಯೂ ನಿಂತಿದೆ. ಶೀಟ್ ಈಗಲೂ ಇದೆ, ಆದರೆ ಕೆಂಪು ಗೆರೆ ತೆಗೆದು ಎರಡು ಹೊಸ ಕಾಲಂ ಸೇರಿಸಿದ್ದೀನಿ. ಒಂದರ ಹೆಸರು "ಯಾರಿಗೆ ಕಮ್ಮಿಯಾಯ್ತು?" ಇನ್ನೊಂದು "ಯಾರ ಕೆಲಸ ಜಾಸ್ತಿಯಾಯ್ತು?" ಯಾವ ಕಡಿತದ ಮುಂದೆ ಅಮ್ಮನ ಹೆಸರು ಬಂದರೂ ಆ ಕಡಿತ ರದ್ದು. ಓಟಿಟಿ ಎರಡು ಹೋಯ್ತು. ಕೆಲಸದ ಅಕ್ಕನಿಗೆ ಮುನ್ನೂರಲ್ಲ, ಐನೂರು ಜಾಸ್ತಿ ಮಾಡಿದೆವು. ಪ್ರತಿ ವರ್ಷ ನಮ್ಮ ಸಂಬಳ ಎಷ್ಟು ಪರ್ಸೆಂಟ್ ಏರುತ್ತೋ ಅಷ್ಟು ಆಕೆಗೂ ಏರಬೇಕು ಅಂತ ನನ್ನ ಹೆಂಡತಿ ಕಾನೂನು ಮಾಡಿದ್ದಾಳೆ. ರಾತ್ರಿ ಮೂವರೂ ಒಟ್ಟಿಗೇ ಊಟಕ್ಕೆ ಕೂರುತ್ತೀವಿ, ಬಡಿಸೋದು ನಾನು. ಇದೊಂದೇ ಬದಲಾವಣೆಗೆ ಅಮ್ಮ ಇನ್ನೂ ಒಗ್ಗಿಕೊಂಡಿಲ್ಲ. ಮೊದಲ ಒಂದು ತಿಂಗಳು, "ಗಂಡಸು ಬಡಿಸ್ತಾನಂತೆ, ಊರಲ್ಲಿ ಕೇಳಿದ್ರೆ ನಗ್ತಾರೆ" ಅಂತ ಎದ್ದೆದ್ದು ಹೋಗ್ತಿದ್ದಳು.

ಆ ತಿಂಗಳುಗಳ ಖರ್ಚು ಮತ್ತೆ 12,500ರ ಆಸುಪಾಸಿಗೆ ಬಂತು. ಗ್ರಾಫ್ ನೆಟ್ಟಗೆ ಮೇಲೆ ಹೋಯ್ತು. ಆರು ತಿಂಗಳ ಮಾತ್ರೆ, ಕಾಳು, ಸೊಪ್ಪು, ಹಣ್ಣಿನ ನಂತರ ಹಿಮೋಗ್ಲೋಬಿನ್ 11.2 ಆಯ್ತು. ನನ್ನ ಶೀಟಿನಲ್ಲಿ ಮೇಲೆ ಹೋದರೆ ಸಂತೋಷ ಪಡಬೇಕಾದ ಅಂಕಿ ಇದೊಂದೇ ಅನ್ನಿಸುತ್ತೆ.

ಗೆಳೆಯರೇ, ನಿಮ್ಮಲ್ಲೂ ಯಾರಾದರೂ "ಖರ್ಚು ಇಳಿಸಿದ್ದು ಹೇಗೆ" ಅಂತ ಬರೆಯೋಕೆ ಕೂತಿದ್ದರೆ, ಖಂಡಿತ ಬರೆಯಿರಿ. ಆದರೆ ಪಬ್ಲಿಷ್ ಒತ್ತುವ ಮೊದಲು ಎದ್ದು ಒಮ್ಮೆ ಅಡುಗೆಮನೆಗೆ ಹೋಗಿ. ಎಲ್ಲರ ಊಟ ಆದ ಮೇಲೆ ಕೊನೆಗೆ ಕೂತವರ ತಟ್ಟೆಯಲ್ಲಿ ಏನಿದೆ ಅಂತ ನೋಡಿ. ಆಮೇಲೆ ಬಂದು ಒತ್ತಿ.

ಏನಂತೀರಿ?

ಕೊಸರು: ಇದನ್ನು ಬರೆದು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಎಲ್ಲ ಸರಿ ಕಣೋ, ಕಡ್ಲೆಬೀಜ ಅರ್ಧ ಮಾಡಿದ್ದು ರೇಟಿಗಲ್ಲ, ಆ ಸಲ ತಂದದ್ದು ಕಹಿ ಇತ್ತು" ಅಂದಳು. ತಿದ್ದುಪಡಿ ದಾಖಲಿಸಿದ್ದೇನೆ :)